ಬ್ಯಾಡಗಿ ಮೆಣಸಿನಕಾಯಿಗೆ ಮತ್ತ ಮುಟುರು: ಎಣ್ಣಿ ಹೊಡಿಯೂಕಿಂತ ಮೊದಲ ಏನ್ ನೋಡ್ಬೇಕ್ರಿ?

ಮೋಟೆಬೆನ್ನೂರ ರೈತ:
ಎಲ್ಲಾರಿಗೂ ನಮಸ್ಕಾರ್ರಿ. ಎರಿ ಹೊಲದಾಗ ಕಡ್ಡಿ ಮೆಣಸಿನಕಾಯಿ ಹಚ್ಚೇನಿ. ಸಸಿ ಚಲೋ ಹತ್ತಿದ್ವು. ಈಗ ಸುಳಿ ಎಲಿ ಮುದುಡಾಕತ್ತಾವು, ಅದಕ್ಕ ನಾವು ಮುಟುರು ಅಂತೀವಿ. ಕೆಲವು ಗಿಡ ಬೆಳವಣಿಗಿ ನಿಂತು ಕುಳ್ಳಗ ಉಳದಾವು. ಹೂವ ಹಿಡದ ಗಿಡದಾಗ ಹೂವ ಉದುರಾಕತ್ತಾವು. ಗೊಬ್ಬರದ ಅಂಗಡ್ಯಾಗ ತೋರಿಸಿದ್ರ ಮೂರು ಬಾಟ್ಲಿ ಎಣ್ಣಿ (ಕೀಟನಾಶಕ) ಕೊಟ್ಟು, ಎಲ್ಲಾ ಕೂಡಿಸಿ ಒಮ್ಮೆ ಹೊಡೀರಿ ಅಂದ್ರು. ಹೊಡದಮ್ಯಾಲ ಸ್ವಲ್ಪ ದಿನ ಹಸರ ಕಂಡ್ವು, ಮತ್ತ ಹಂಗ ಆದ್ವು. ಈಗ ಇನ್ನೊಂದು ಎಣ್ಣಿ ತಗೋರಿ ಅನ್ನಾಕತ್ತಾರ, ಅದರ ರೇಟ್ ಕೇಳಿದ್ರ ಎದಿ ಝಲ್ ಅಂತೈತಿ. ಇದು ರೋಗ ಐತೋ ಹುಳಾ ಐತೋ ಮೊದಲ ಅದು ಗೊತ್ತಾಗ್ಬೇಕು. ತಿಳದವ್ರು ಹೇಳ್ರಿ.

ಹಾನಗಲ್ ಹುಡುಗ:
ನಮ್ಮ ಕಡೆನೂ ಇದ ಕತಿ ಅಣ್ಣಾರ. ಬಾಜೂ ಹೊಲದಾವ್ರು ಪ್ರೊಫೆನೊಫಾಸ್ ಜೋಡಿ ಸೈಪರ್‌ಮೆಥ್ರಿನ್ ಇರೂ ಎಣ್ಣಿ ಹೊಡದಾರ. ಕಡಿಮಿ ಆಗೇತಿ ಅಂತಾರ. ನೀವೂ ಅದನ್ನ ಹೊಡದು ನೋಡ್ರಿ.

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
ಅಣ್ಣಾರ, ಅದನ್ನು ಹೊಡೆಯುವ ಮೊದಲು ಒಂದು ಬೆಳಿಗ್ಗೆ ಹೊಲದಾಗ ಕೂತು ಎಲೆ ಮಗುಚಿ ನೋಡ್ರಿ, ದಯವಿಟ್ಟು. ಮುಟುರಿಗೆ ಕಾರಣ ಒಂದೇ ಅಲ್ಲ. ನೀವು ಬರೆದಿದ್ದು ಓದಿದರೆ ನಿಮ್ಮ ಹೊಲದಾಗ ಎರಡು ಮೂರು ಕೂಡೇ ಇರಬಹುದು ಅನ್ನಿಸುತ್ತದೆ.

ಎಲೆಯ ಅಂಚು ಮೇಲಕ್ಕೆ ಮಡಚಿ ದೋಣಿಯಂತೆ ಆಗಿದ್ದರೆ ಸಾಮಾನ್ಯವಾಗಿ ಅದು ಥ್ರಿಪ್ಸ್ ಅನ್ನೋ ಅತಿ ಸಣ್ಣ ಹುಳ. ಎಳೆ ಎಲೆಯನ್ನು ಕೆರೆದು ರಸ ಹೀರುತ್ತವೆ. ಎಲೆ ಕೆಳಕ್ಕೆ ಮಡಚಿ, ಕಿರಿದಾಗಿ, ಕಡು ಹಸಿರಾಗಿ, ತೊಟ್ಟು ಉದ್ದ ಆಗಿದ್ದರೆ ಅದು ಮೈಟ್ ನುಸಿ. ಇಡೀ ಗಿಡ ಕುಳ್ಳಾಗಿ, ಎಲೆ ಸಣ್ಣದಾಗಿ, ನರ ದಪ್ಪಾಗಿ, ಕಾಯಿ ಹಿಡಿಯದೆ ನಿಂತರೆ ಅದು ನಂಜು ರೋಗ, ಅಂದರೆ ವೈರಸ್. ಅದನ್ನು ಗಿಡದಿಂದ ಗಿಡಕ್ಕೆ ಹೊತ್ತು ತರುವುದು ಬಿಳಿ ನೊಣ.

ಈ ಮೂರಕ್ಕೂ ಒಂದೇ ಔಷಧ ಇಲ್ಲ. ಮೈಟ್‌ಗೆ ಎಂಟು ಕಾಲು, ಅದು ಜೇಡದ ಬಳಗದ್ದು. ಥ್ರಿಪ್ಸಿಗೂ ಬಿಳಿ ನೊಣಕ್ಕೂ ಹೊಡೆಯುವ ಇಮಿಡಾಕ್ಲೋಪ್ರಿಡ್‌ಗೆ ಮೈಟ್ ಜಗ್ಗುವುದಿಲ್ಲ. ಅದಕ್ಕೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಇಲ್ಲವೆ ಫೆನ್‌ಪೈರಾಕ್ಸಿಮೇಟ್, ಸ್ಪೈರೋಮೆಸಿಫೆನ್‌ನಂಥ ನುಸಿನಾಶಕ ಬೇಕು. ಗಂಧಕವನ್ನು ಸುಡು ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತವೆ, ಸಂಜೆ ಹೊಡೀರಿ. ಹಳೆಯ ಡೈಕೋಫಾಲ್ ಬಾಟ್ಲಿ ಯಾರ ಮನೆಯಲ್ಲಾದರೂ ಇದ್ದರೆ ಮುಟ್ಟಬ್ಯಾಡ್ರಿ, 2023ರಲ್ಲಿ ಅದನ್ನು ನಿಷೇಧಿಸಿದ್ದಾರೆ.

ಹಾನಗಲ್ ತಮ್ಮ ಹೇಳಿದ ಸೈಪರ್‌ಮೆಥ್ರಿನ್ ಬಗ್ಗೆ: ಅದು ಪೈರೆಥ್ರಾಯ್ಡ್ ಅನ್ನೋ ಕೀಟನಾಶಕಗಳ ಗುಂಪಿನದು. ಈ ಗುಂಪಿನ ಎಣ್ಣೆ ಮೈಟನ್ನು ತಿಂದು ಬದುಕುವ ಒಳ್ಳೆಯ ನುಸಿಗಳನ್ನು ಮೊದಲು ಕೊಲ್ಲುತ್ತದೆ. ಆಮೇಲೆ ಮೈಟ್ ಹಿಂದಿಗಿಂತ ಹೆಚ್ಚಾಗುತ್ತದೆ. ಹೊಡೆದ ಹೊಸತಿನಲ್ಲಿ ಚಲೋ ಕಂಡು ಆಮೇಲೆ ಕೆಡುವುದಕ್ಕೆ ಇದೂ ಒಂದು ಕಾರಣ.

ನಂಜು ಹತ್ತಿದ ಗಿಡಕ್ಕೆ ಯಾವ ಔಷಧವೂ ಇಲ್ಲ. ಅಂಗಡಿಯವರು ವೈರಸ್ಸಿಗೆ ಬಾಟ್ಲಿ ಕೊಟ್ಟರೆ ತಗೋಬ್ಯಾಡ್ರಿ. ಗಿಡ ಕಿತ್ತು ಹೊಲದ ಹೊರಗೆ ಸುಡಬೇಕು. ಬಿಳಿ ನೊಣ ಒಮ್ಮೆ ನಂಜಿನ ಗಿಡದ ರಸ ಹೀರಿದರೆ ವೈರಸ್ ಅದರ ಮೈಯೊಳಗೆ ಉಳಿದುಬಿಡುತ್ತದೆ. ಮುಂದೆ ಕೂತ ಗಿಡಕ್ಕೆಲ್ಲ ದಾಟಿಸುತ್ತ ಹೋಗುತ್ತದೆ. ಅದಕ್ಕೇ ಒಂದು ಗಿಡ ಬಿಟ್ಟರೂ ಲುಕ್ಸಾನೇ.

ನೋಡುವುದಕ್ಕೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಸಣ್ಣ ಭೂತಗನ್ನಡಿ ಸಾಕು. ಬಿಳಿ ಹಾಳೆ ಹಿಡಿದು ಅದರ ಮೇಲೆ ಹೂವು ಕೊಡವಿ. ಕಪ್ಪನೆಯ ಸಣ್ಣ ಹುಳ ಹರಿದಾಡಿದರೆ ಬರೀರಿ. ಹೂವು ಉದುರುತ್ತಿವೆ ಅಂದಿದ್ದಕ್ಕೆ ನನಗೆ ಅದೇ ಅನುಮಾನ.

ಕುಂದಗೋಳ ಕಾಕಾ:
ತಂಗಿ, ನೀ ಹೇಳಿದ್ದು ಖರೆ ಐತಿ. ಆದ್ರ ನಂದೊಂದು ತಕರಾರು ಐತಿ. ನಮ್ಮ ಎರಿ ಹೊಲದಾಗ ಮೆಣಸಿನಕಾಯಿ, ಉಳ್ಳಾಗಡ್ಡಿ, ಹತ್ತಿ ಮೂರೂ ಕೂಡಿಸಿ ಹಾಕೂ ಪದ್ಧತಿ ಹಿಂದಿನಿಂದ ಬಂದದ್ದು. ಮಳಿ ಕೈ ಕೊಟ್ರೂ ಒಂದಿಲ್ಲೊಂದು ಬೆಳಿ ಮನಿಗೆ ಬರ್ತಿತ್ತು. ಉಳ್ಳಾಗಡ್ಡಿ ಮೊದಲ ಕಿತ್ತು, ಆಮ್ಯಾಲ ಕಾಯಿ ಬಿಡಿಸಿ, ಕಡೀಕ ಜಯಧರ ಹತ್ತಿ ಬಿಡಿಸ್ತಿದ್ವಿ. ಇಷ್ಟೆಲ್ಲಾ ಎಣ್ಣಿ ನಮ್ಮಪ್ಪ ನೋಡಿರಲೇ ಇಲ್ಲ. ಈಗ ಎಲ್ಲಿ ನೋಡಿದ್ರೂ ಹೊಲಕ್ಕ ಹೊಲ ಹತ್ತಿ ಒಂದ ಬೆಳಿ, ಹುಳಕ್ಕ ಬೇಲಿನ ಇಲ್ಲ. ವಿಶ್ವವಿದ್ಯಾಲಯದಾವ್ರು ಹುಳದ ಹೆಸರು ಹೇಳ್ತಾರ, ಔಷಧ ಹೇಳ್ತಾರ. ಬೆಳಿ ಹಾಕೂ ರೀತಿ ಬಗ್ಗೆ ಯಾಕ ಮಾತಾಡಂಗಿಲ್ಲ?

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
ಕಾಕಾ, ಮಾತಾಡ್ತಾರ. ಮೆಣಸಿನಕಾಯಿ ಹೊಲದ ಸುತ್ತ ಎರಡು ಮೂರು ಸಾಲು ಜೋಳ ಇಲ್ಲವೆ ಗೋವಿನಜೋಳ ದಟ್ಟಾಗಿ ಹಾಕ್ರಿ ಅನ್ನೋದು ಶಿಫಾರಸಿನಲ್ಲೇ ಇದೆ. ಹೊರಗಿಂದ ಹಾರಿ ಬರುವ ಬಿಳಿ ನೊಣ, ಥ್ರಿಪ್ಸ್ ಅಲ್ಲೇ ತಡೆದು ನಿಲ್ಲುತ್ತವೆ. ಅದನ್ನು ಸಸಿ ಹಚ್ಚುವ ಮೊದಲೇ ಬಿತ್ತಿ ಎತ್ತರಕ್ಕೆ ತರಬೇಕು, ಸಸಿ ಹಚ್ಚುವಾಗಲೇ ಬಿತ್ತಿದರೆ ಉಪಯೋಗ ಕಡಿಮೆ.

ಆದರೆ ಕೂಡು ಬೆಳೆ ಅಂದ ಕೂಡಲೇ ಹುಳ ಬರೋದಿಲ್ಲ ಅನ್ನಲಿಕ್ಕೆ ಬರೋದಿಲ್ಲ. ಉಳ್ಳಾಗಡ್ಡಿಗೂ ಥ್ರಿಪ್ಸ್ ಇದೆ, ಹತ್ತಿಗೆ ಬಿಳಿ ನೊಣ ಬಹಳ ಇಷ್ಟ. ಯಾವ ಬೆಳೆ ಯಾವುದರ ಪಕ್ಕ ಅನ್ನೋದು ಮುಖ್ಯ. ಆದಾಯದ ಭದ್ರತೆ ನೀವು ಹೇಳಿದಂಗೇ, ಅದರಲ್ಲಿ ನನ್ನ ವಾದ ಇಲ್ಲ.

ಕುಂದಗೋಳ ಕಾಕಾ:
ಮತ್ತ 2021ರಾಗ ಆಗಿದ್ದೇನು ಹಂಗಾದ್ರ? ಹೂವಿನಾಗ ಕರೀ ಹುಳ ಕೂತು ಗಿಡಕ್ಕ ಗಿಡ ಖಾಲಿ ಮಾಡಿದ್ವು. ಜನ ಟ್ರ್ಯಾಕ್ಟರಿಗೆ ರೂಟರ್ ಹಚ್ಚಿ ಹೊಲ ಹರಗಿಬಿಟ್ರು. ಆವಾಗ ನಮಗ ಹೇಳಾವ್ರು ಯಾರಿದ್ರು?

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
ಅದರ ನೋವು ನನಗೂ ಗೊತ್ತು ಕಾಕಾ, ನಮ್ಮದೂ ಮೆಣಸಿನಕಾಯಿ ಮನೆತನ.

ಅದು ಥ್ರಿಪ್ಸ್ ಪಾರ್ವಿಸ್ಪೈನಸ್. ಆಗ್ನೇಯ ಏಷ್ಯಾದ ಕಡೆಯದು. ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 2015ರಲ್ಲಿ, ಬೆಂಗಳೂರಿನ ಪಪಾಯಿ ಗಿಡದಲ್ಲಿ. 2021ರಲ್ಲಿ ಆಂಧ್ರ, ತೆಲಂಗಾಣ, ನಮ್ಮ ರಾಜ್ಯದ ಮೆಣಸಿನಕಾಯಿ ಮೇಲೆ ಒಮ್ಮೆಲೇ ಎದ್ದಿತು. ನಡುವೆ ಆರು ವರ್ಷ. ಪಪಾಯಿಯಲ್ಲಿ ಕಂಡ ಹುಳ ಮುಂದೆ ಯಾವ ಬೆಳೆಗೆ ಹಾರಬಹುದು ಅಂತ ಹೊಲದ ಮಟ್ಟದಲ್ಲಿ ವರ್ಷವಿಡೀ ಕಣ್ಣಿಡುವ ಜನ ಬೇಕಿತ್ತು. ಸಂಶೋಧನೆ ಅಂದರೆ ಪ್ರಯೋಗಾಲಯದ ಕೆಲಸ ಅಂತ ಹಣ ಕೊಡುವವರೂ ತಿಳಿದಿದ್ದಾರೆ, ಹೊಲ ತಿರುಗುವ ಕೆಲಸಕ್ಕೆ ಯಾವಾಗಲೂ ಜನ ಕಡಿಮೆ. ನನಗೆ ಇದರ ಬಗ್ಗೆ ನಿಜಕ್ಕೂ ಸಿಟ್ಟಿದೆ.

ಹಳೆಯ ಥ್ರಿಪ್ಸ್ ಎಲೆ ಕೆರೆಯುತ್ತಿತ್ತು. ಇದು ಹೂವಿನೊಳಗೇ ಮನೆ ಮಾಡುತ್ತದೆ. ಅದಕ್ಕೇ ಎಣ್ಣೆ ನೇರವಾಗಿ ತಾಗೋದಿಲ್ಲ. ಮಣ್ಣಿಗೆ ಬಿದ್ದು ಕೋಶಾವಸ್ಥೆ ಮುಗಿಸಿ ಮತ್ತೆ ಮೇಲೆ ಬರುತ್ತದೆ. ಎಷ್ಟು ಸಲ ಎಲೆ ಮೇಲೆ ಹೊಡೆದರೂ ಮಣ್ಣಿನಲ್ಲಿರುವುದು ಉಳಿಯುತ್ತದೆ. ನೀಲಿ ಬಣ್ಣದ ಅಂಟು ಬಲೆ, ಯೂರಿಯಾ ಮಿತಿ, ಬೇವಿನ ಎಣ್ಣೆ, ಹುಳ ಕೊಲ್ಲುವ ಬ್ಯೂವೇರಿಯಾ ಶಿಲೀಂಧ್ರ, ಒಂದೇ ಗುಂಪಿನ ಕೀಟನಾಶಕವನ್ನು ಮೇಲಿಂದ ಮೇಲೆ ಹೊಡೆಯದೇ ಇರೋದು, ಇವನ್ನೆಲ್ಲ ಕೂಡಿಸಿಯೇ ಹಿಡಿತಕ್ಕೆ ತರಬೇಕು. ಆ ವರ್ಷ ಗಾಬರಿಯಲ್ಲಿ ಎಲ್ಲರೂ ಕೈಗೆ ಸಿಕ್ಕಿದ್ದನ್ನು ಹೊಡೆದರು. ಅದರಿಂದ ಥ್ರಿಪ್ಸನ್ನು ತಿನ್ನುವ ಹುಳಗಳೂ ಸತ್ತವು.

ರಾಣೆಬೆನ್ನೂರ ಗೋವಿನಜೋಳ:
ಕಾಕಾ ಹೇಳೂದ್ರಾಗ ಅರ್ಥ ಐತಿ, ಆದ್ರ ಗೋವಿನಜೋಳದ ಲದ್ದಿ ಹುಳದ (ಫಾಲ್ ಆರ್ಮಿವರ್ಮ್) ವಿಷಯದಾಗ ನಮ್ಮ ರಾಜ್ಯದಾವ್ರು ಲಗೂನ ಹಿಡದಾರ. ಅಮೆರಿಕಾ ಖಂಡದ ಹುಳ, 2016ರಾಗ ಆಫ್ರಿಕಾಕ್ಕ ಬಂತು, 2018ರ ಮೇ ತಿಂಗಳಾಗ ಶಿವಮೊಗ್ಗದ ಕೃಷಿ ಕಾಲೇಜಿನಾವ್ರು ಭಾರತದಾಗ ಮೊದಲ ಗುರುತು ಹಿಡದ್ರು. ಅದ ವರ್ಷ ನಮ್ಮ ಹೊಲದಾಗ ಬಂದಾಗ ಕನಿಷ್ಠ ಹೆಸರರೆ ಗೊತ್ತಿತ್ತು. ತಲಿ ಮ್ಯಾಲ ತಿರುವಿದ ಇಂಗ್ಲಿಷ್ ವೈ ಅಕ್ಷರ, ಬಾಲದ ಕಡೆ ಚೌಕಾಗಿ ನಾಕು ಚುಕ್ಕಿ. ಈಗ ನಮ್ಮ ಹುಡುಗ್ರೂ ಗುರುತು ಹಿಡೀತಾರ.

ಹುಳ ಸುಳಿಯೊಳಗ ಹೊಕ್ಕು ಲದ್ದಿ ಮುಚ್ಚಿಕೊಂಡು ಕುಂದ್ರತೈತಿ. ಮ್ಯಾಲಿಂದ ಎಣ್ಣಿ ಹೊಡದ್ರ ಲದ್ದಿ ತೊಯ್ತೈತಿ, ಹುಳಕ್ಕ ಏನೂ ಆಗಂಗಿಲ್ಲ. ಬಿತ್ತಿದ ಮ್ಯಾಲ ಮೊದಲ ವಾರದಿಂದನ ಎಲಿ ಮ್ಯಾಲಿನ ತತ್ತಿ ಗುಂಪು ಹುಡುಕಿ ಹಿಚುಕೂದು ನಮ್ಮ ಮನಿ ಹೆಣ್ಮಕ್ಕಳ ಕೆಲಸ ಆಗೇತಿ. ದೊಡ್ಡ ಹುಳ ಆದ್ಮ್ಯಾಲ ವಿಷದ ಕಾಳು ಬೇಕಾಗ್ತೈತಿ. ಎಕರೆಕ 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಎರಡು ಮೂರು ಲೀಟರ್ ನೀರು ಕಲಸಿ ಒಂದು ದಿನ ಹುದುಗಿಸಿ, ಸುಳಿಗೆ ಹಾಕೂ ಅರ್ಧ ತಾಸು ಮೊದಲ 100 ಗ್ರಾಂ ಥಯೋಡಿಕಾರ್ಬ್ ಕೂಡಿಸೂದು. ಕೈಗವಸು ಹಾಕ್ಕೊಂಡ ಕೆಲಸ ಮಾಡ್ರಿ. ಕೋಳಿ, ನಾಯಿ, ಮಕ್ಕಳು ಹತ್ರ ಬರಬಾರದು.

ಒಂದು ಮಾತು ಕೇಳ್ಬೇಕಿತ್ತು. ಶ್ರಾವಣದ ಜಿಟಿಜಿಟಿ ಮಳ್ಯಾಗ ಕೆಲವು ಹುಳ ಬೆಳ್ಳಗ ಸುಣ್ಣ ಬಡದಂಗ ಆಗಿ ಎಲಿ ಮ್ಯಾಲ ಸತ್ತು ಅಂಟಿರ್ತಾವು. ಅದೇನದು?

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
ಅದು ನಮ್ಮ ಭಾಗದ ದೊಡ್ಡ ಆಸ್ತಿ! ನೊಮುರಿಯಾ ರಿಲೇಯಿ ಅನ್ನೋ ಶಿಲೀಂಧ್ರ, ಈಗ ಮೆಟಾರೈಜಿಯಂ ರಿಲೇಯಿ ಅಂತಾರೆ. ಮೊದಲು ಹುಳ ಬೆಳ್ಳಗಾಗುತ್ತದೆ, ಆಮೇಲೆ ತಿಳಿ ಹಸಿರು ಪುಡಿ ಬರುತ್ತದೆ. ಆ ಪುಡಿಯೇ ಬೀಜಾಣು, ಮುಂದಿನ ಹುಳಕ್ಕೆ ಹತ್ತುತ್ತದೆ. ಶೇಂಗಾ, ಸೋಯಾಬೀನ್ ತಿನ್ನುವ ಹುಳಗಳ ಮೇಲೆ ಇದರ ಕೆಲಸವನ್ನು ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಲದ್ದಿ ಹುಳ ಬರುವುದಕ್ಕಿಂತ ಎಷ್ಟೋ ವರ್ಷ ಮೊದಲೇ ಶುರು ಮಾಡಿದ್ದರು. ಹೊಸ ಹುಳ ಬಂದಾಗ ಅದೇ ಶಿಲೀಂಧ್ರ ಅದಕ್ಕೂ ಹತ್ತಿತು. ಲೀಟರಿಗೆ 2 ಗ್ರಾಂ ಹಾಕಿ ಸಂಜೆ ಹೊತ್ತು, ಹವಾ ತಂಪಿದ್ದಾಗ ಸುಳಿಗೆ ಹೊಡೆಯಬೇಕು. ಒಣ ಹವೆಯಲ್ಲಿ ಹೊಡೆದರೆ ವ್ಯರ್ಥ. ಅಂಥ ಬೆಳ್ಳನೆ ಹುಳ ಹೊಲದಲ್ಲಿ ಕಂಡಾಗ ಶಿಲೀಂಧ್ರನಾಶಕ ಹೊಡೆಯಬ್ಯಾಡ್ರಿ, ಇದೂ ಸಾಯುತ್ತದೆ.

ಶಿಗ್ಗಾಂವಿ ಹೋರಿ:
ಬೆಳಿ ಮಾತಿನಾಗ ದನದ ಮಾತು ತಂದೆ ಅಂತ ಬೇಜಾರಾಗಬ್ಯಾಡ್ರಿ. ಬಿಳಿ ನೊಣ ವೈರಸ್ ಹೊತ್ತು ತರ್ತೈತಿ ಅಂತ ಓದಿ ನೆನಪಾತು. 2022ರಾಗ ಚರ್ಮಗಂಟು ರೋಗ ಬಂದಾಗ ನಮ್ಮ ಓಣ್ಯಾಗ ದೀಪಾವಳಿಗೆ ಹೋರಿ ಹಬ್ಬನ ಇಲ್ಲ, ಸಂತಿ ಬಂದ್, ಜಾತ್ರಿ ಬಂದ್. ಮನ್ಯಾಗ ಸಾಕಿದ ಹೋರಿ ಮೈತುಂಬ ಗಂಟೆದ್ದು ಕಾಲು ಬಾತು ಮಲಗಿದ್ದನ್ನ ನೋಡೂದಂದ್ರ ಭಾಳ ಸಂಕಟ. ಆವಾಗ ಆಡಿಗೆ ಹಾಕೂ ಸಿಡುಬಿನ ಲಸಿಕಿ ಆಕಳಿಗೆ ಹಾಕಿದ್ರು. ಅದಕ್ಕ ಊರಾಗ ಎಷ್ಟೋ ಮಂದಿ ಬ್ಯಾಡ ಅಂತ ದನ ಹೊಡಕೊಂಡು ಹೊಲಕ್ಕ ಹೋದ್ರು. ಆಡಿನ ಲಸಿಕಿ ಆಕಳಿಗೆ ಹೆಂಗ ನಡೀತೈತಿ? ಈಗೂ ವರ್ಷಾ ಹಾಕಿಸ್ಬೇಕೇನು?

ನಿವೃತ್ತ ಪಶುವೈದ್ಯ, ಗದಗ:
ಸರಿಯಾದ ಪ್ರಶ್ನೆ ಕೇಳಿದ್ದೀರಿ. ಆ ವರ್ಷ ಲಸಿಕೆ ಬೇಡ ಅಂದವರಿಗೆ ಯಾರಾದರೂ ಕೂತು ಇದನ್ನೇ ತಿಳಿಸಿ ಹೇಳಿದ್ದರೆ ಎಷ್ಟೋ ಜೀವ ಉಳಿಯುತ್ತಿದ್ದವು.

ಚರ್ಮಗಂಟು ರೋಗದ ವೈರಸ್, ಕುರಿ ಸಿಡುಬಿನ ವೈರಸ್, ಆಡು ಸಿಡುಬಿನ ವೈರಸ್ ಮೂರೂ ಒಂದೇ ಕುಲದವು, ಕ್ಯಾಪ್ರಿಪಾಕ್ಸ್ ಅನ್ನುತ್ತಾರೆ. ಒಂದರ ವಿರುದ್ಧ ದೇಹ ತಯಾರಾದರೆ ಇನ್ನೊಂದನ್ನೂ ಸಾಕಷ್ಟು ತಡೆಯುತ್ತದೆ. ಆದ್ದರಿಂದ ಉತ್ತರಕಾಶಿ ತಳಿಯ ಆಡು ಸಿಡುಬಿನ ಲಸಿಕೆ ಕೊಟ್ಟೆವು. ಈ ರೋಗವನ್ನು ಮೊದಲು ಕಂಡದ್ದು 1929ರಲ್ಲಿ, ಆಫ್ರಿಕಾದ ಜಾಂಬಿಯಾದಲ್ಲಿ. ನಮ್ಮ ದೇಶಕ್ಕೆ 2019ರಲ್ಲಿ ಒಡಿಶಾದಲ್ಲಿ ಕಾಣಿಸಿತು. ಹಿಸಾರದ ರಾಷ್ಟ್ರೀಯ ಅಶ್ವ ಸಂಶೋಧನಾ ಕೇಂದ್ರ ಮತ್ತು ಇಜ್ಜತ್‌ನಗರದ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಕೂಡಿ ಈ ರೋಗಕ್ಕೆಂದೇ ಮಾಡಿದ ಲಂಪಿ-ಪ್ರೊವ್ಯಾಕ್ ಲಸಿಕೆಯನ್ನು 2022ರ ಆಗಸ್ಟಿನಲ್ಲಿ ಪ್ರಕಟಿಸಿದರು. ರೋಗ ಊರೂರು ಸುತ್ತುತ್ತಿದ್ದ ಹೊತ್ತಿಗೆ ಕೈಯಲ್ಲಿದ್ದದ್ದು ಆಡಿನ ಲಸಿಕೆಯೇ.

ಹರಡುವುದು ಕಚ್ಚುವ ನೊಣ, ಸೊಳ್ಳೆ, ಉಣ್ಣಿಗಳಿಂದ. ಮಳೆಗಾಲದ ಬೆನ್ನಿಗೆ ಏರುವುದು ಅದಕ್ಕೇ. ಒಣಗಿದ ಹಕ್ಕಳೆಯಲ್ಲೂ ವೈರಸ್ ವಾರಗಟ್ಟಲೆ ಬದುಕಿರುತ್ತದೆ. ಕೊಟ್ಟಿಗೆ ಕಸವನ್ನು ಗುಂಡಿಗೆ ಹಾಕಿ ಮುಚ್ಚಿ, ಬಯಲಲ್ಲಿ ಒಗೆಯಬೇಡಿ. ಲಸಿಕೆ ಹಾಕಿದ ದಿನವೇ ರಕ್ಷಣೆ ಬರುವುದಿಲ್ಲ, ಎರಡು ಮೂರು ವಾರ ಬೇಕು. ಹಾಗಾಗಿ ರೋಗ ಪಕ್ಕದ ಊರಿಗೆ ಬಂದ ಮೇಲೆ ಓಡಾಡಿದರೆ ತಡವಾದಂತೆ. ಹೌದು, ವರ್ಷಕ್ಕೊಮ್ಮೆ ಹಾಕಿಸಿ, ಮಳೆಗಾಲಕ್ಕೆ ಮೊದಲು. ಜ್ವರ ಬಂದ ದನಕ್ಕೆ ಹಾಕಿಸಬಾರದು. ಒಂದೇ ಸೂಜಿಯಲ್ಲಿ ಎಲ್ಲ ದನಕ್ಕೆ ಚುಚ್ಚುವುದನ್ನು ಕಂಡರೆ ನಿಲ್ಲಿಸಿ ಕೇಳಿ, ಅದು ನಿಮ್ಮ ಹಕ್ಕು. ಮನುಷ್ಯರಿಗೆ ಈ ರೋಗ ಹತ್ತುವುದಿಲ್ಲ, ಕಾಸಿದ ಹಾಲು ಕುಡಿಯಬಹುದು. ಆ ವರ್ಷ ಹೆದರಿ ಹಾಲು ಚೆಲ್ಲಿದ ಮನೆಗಳಿದ್ದವು.

ನಮ್ಮ ಹಿರಿಯರು ದನಗಳ ದೊಡ್ಡರೋಗ (ರಿಂಡರ್‌ಪೆಸ್ಟ್) ಅಂತ ಹೆದರುತ್ತಿದ್ದರಲ್ಲ, ಹಿಂಡಿಗೆ ಹಿಂಡೇ ಒಯ್ಯುತ್ತಿತ್ತು, ದ್ಯಾಮವ್ವಗೆ ಹರಕೆ ಹೊರುತ್ತಿದ್ದರು. 1920ರ ದಶಕದಲ್ಲಿ ಮುಕ್ತೇಶ್ವರದ ಪ್ರಯೋಗಾಲಯದಲ್ಲಿ ಆ ವೈರಸ್ಸನ್ನು ಆಡಿನ ಮೈಯಲ್ಲಿ ಬೆಳೆಸಿ ಸೌಮ್ಯ ಮಾಡಿ ಲಸಿಕೆ ಮಾಡಿದರು. ಮುಂದೆ ಇನ್ನೂ ಒಳ್ಳೆಯ ಲಸಿಕೆ ಬಂತು. ಹಳ್ಳಿ ಹಳ್ಳಿ ತಿರುಗಿ ಹಾಕಿದರು. 2006ರಲ್ಲಿ ಭಾರತ, 2011ರಲ್ಲಿ ಇಡೀ ಜಗತ್ತು ಆ ರೋಗದಿಂದ ಮುಕ್ತವಾಯಿತು. ಇಂದಿನ ಹುಡುಗರು ಆ ರೋಗವನ್ನು ಕಂಡೇ ಇಲ್ಲ. ನನ್ನ ವೃತ್ತಿಯಲ್ಲಿ ಇದಕ್ಕಿಂತ ದೊಡ್ಡ ಹೆಮ್ಮೆ ನನಗೆ ಬೇರೆ ಇಲ್ಲ.

ಶಿಗ್ಗಾಂವಿ ಹೋರಿ:
ಡಾಕ್ಟ್ರ, ಭಾಳ ಉಪಕಾರ ಆತು. ಇದನ್ನ ನಮ್ಮ ಊರ ಗುಂಪಿಗೆ ಹಾಕ್ತೇನಿ. ಸತ್ತ ಆಕಳಿಗೆ 20,000, ಎತ್ತಿಗೆ 30,000, ಕರುವಿಗೆ 5,000 ರೂಪಾಯಿ ಅಂತ ಸರ್ಕಾರ ಆವಾಗ ಪರಿಹಾರ ಕೊಟ್ಟಿತು. ಆದ್ರ ಹೋದ ಹೋರಿ ಬರಂಗಿಲ್ಲಲ್ರಿ.

ಇನ್ನೊಂದು, ಉಣ್ಣಿ ಅಂದ್ರಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಷಿಯನ್) ಆಕಳಿಗೆ ಉಣ್ಣಿ ಔಷಧ ಡೆಲ್ಟಾಮೆಥ್ರಿನ್ ಹಚ್ಚಿ ಮೈ ತೊಳದ್ರೂ ಉಣ್ಣಿ ಹೋಗವಲ್ವು.

ನಿವೃತ್ತ ಪಶುವೈದ್ಯ, ಗದಗ:
ರಕ್ತ ಕುಡಿದು ಉಬ್ಬಿದ ಹೆಣ್ಣು ಉಣ್ಣಿ ದನದ ಮೈಯಿಂದ ಕೆಳಗೆ ಬಿದ್ದು ಗೋಡೆ ಬಿರುಕಿನಲ್ಲಿ, ಗ್ವಾದಲಿ ಸಂದಿಯಲ್ಲಿ ಎರಡು ಮೂರು ಸಾವಿರ ತತ್ತಿ ಇಡುತ್ತದೆ. ನೀವು ದನದ ಮೈ ತೊಳೆದಿರಿ, ಕೊಟ್ಟಿಗೆ ಹಾಗೇ ಉಳಿಯಿತು. ಬಿರುಕು ಮುಚ್ಚಿ ಸುಣ್ಣ ಬಳಿಯಿರಿ. ಎರಡನೆಯದು, ಔಷಧವನ್ನು ತೆಳ್ಳಗೆ ಮಾಡಿ ಉಳಿಸಲು ನೋಡಬೇಡಿ. ಕಡಿಮೆ ಪ್ರಮಾಣಕ್ಕೆ ಸಾಯದೆ ಉಳಿದ ಉಣ್ಣಿಗಳ ಸಂತತಿಯೇ ಮುಂದೆ ಬೆಳೆಯುತ್ತದೆ. ಒಂದೇ ಔಷಧ ವರ್ಷಗಟ್ಟಲೆ ಬಳಸಿದ ಕಡೆ ಅದು ನಾಟದೇ ಹೋಗಿದೆ. ಬೇರೆ ಗುಂಪಿನದಕ್ಕೆ ಬದಲಾಯಿಸಿ. ಐವರ್ಮೆಕ್ಟಿನ್ ಇಂಜೆಕ್ಷನ್ನನ್ನು ಹಾಲು ಕೊಡುವ ಆಕಳಿಗೆ ವೈದ್ಯರನ್ನು ಕೇಳದೆ ಕೊಡಬೇಡಿ, ಹಾಲಿನಲ್ಲಿ ಇಳಿಯುತ್ತದೆ.

ಮಿಶ್ರತಳಿ ಆಕಳಿಗೆ ಜೋರು ಜ್ವರ ಬಂದು, ಭುಜದ ಮುಂದೆ ಗಡ್ಡೆ ಬಾತರೆ ಥೈಲೇರಿಯಾ ಇರಬಹುದು. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಬಬೇಸಿಯಾ. ಎರಡನ್ನೂ ಉಣ್ಣಿಯೇ ತರುತ್ತದೆ, ಎರಡಕ್ಕೂ ಔಷಧ ಬೇರೆ. ಕಿವಿಯ ತುದಿಯಿಂದ ಒಂದು ಹನಿ ರಕ್ತ ತೆಗೆದು ಗಾಜಿನ ಪಟ್ಟಿಯ ಮೇಲೆ ನೋಡಿದರೆ ಗೊತ್ತಾಗುತ್ತದೆ. ಆ ಪರೀಕ್ಷೆ ಮಾಡಿ ಅಂತ ದವಾಖಾನೆಯಲ್ಲಿ ಒತ್ತಾಯಿಸಿ ಕೇಳಿ.

ದೇವರಗುಡ್ಡ ಕುರಿಗಾರ:
ಡಾಕ್ಟ್ರ, ಕುರಿಗೆ ನೀಲಿ ನಾಲಿಗಿ ಹಿಂಗಾರಿ ಮಳಿ ಹೊತ್ತಿಗೆ ಬರ್ತೈತಿ. ಬಾಯಿ ಬಾತು ಮೇಯಂಗಿಲ್ಲ, ಕುಂಟ್ತಾವು. ಅದಕ್ಕೂ ನೊಣ ಕಾರಣೇನ್ರಿ?

ನಿವೃತ್ತ ಪಶುವೈದ್ಯ, ಗದಗ:
ಹೌದು. ಕ್ಯೂಲಿಕಾಯ್ಡಿಸ್ ಅನ್ನುವ ಅತಿ ಸಣ್ಣ ಕಚ್ಚುವ ನೊಣ. ಹಸಿ ಸಗಣಿ, ಕೆಸರಿನಲ್ಲಿ ಹುಟ್ಟುತ್ತದೆ, ಹೊತ್ತು ಮುಳುಗುವಾಗ ಕಚ್ಚುತ್ತದೆ. ನೀರು ನಿಂತ ಜಾಗದಲ್ಲಿ ಹಿಂಡು ತರುಬಬೇಡಿ. ಐದು ಬಗೆಯ ವೈರಸ್ ಸೇರಿಸಿ ಮಾಡಿದ ಲಸಿಕೆ ಇದೆ, ಮಳೆಗೆ ಮೊದಲು ಹಾಕಿಸಬೇಕು. ನೀವು ಊರೂರು ತಿರುಗುವವರು, ಹೊರಡುವ ಮೊದಲೇ ಹಾಕಿಸಿಕೊಂಡು ಹೊರಡಿ.

ಮುಳಗುಂದ ಅಕ್ಕ:
ಹೆಸರಿನ ಹೊಲದಾಗ ಎಲಿ ಹಳದಿ ಚುಕ್ಕಿ ಬಿದ್ದು ಹೊಲಾನ ಹಳದಿ ಕಾಣತೈತಿ. ಅದೂ ಬಿಳಿ ನೊಣಾನ?

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
ಹೌದಕ್ಕಾರ, ಹಳದಿ ನಂಜು. ಮೊದಮೊದಲು ಅಲ್ಲೊಂದು ಇಲ್ಲೊಂದು ಗಿಡ ಕಂಡಾಗಲೇ ಕಿತ್ತರೆ ಹತೋಟಿ ಆಗುತ್ತದೆ. ಇಡೀ ಹೊಲ ಹಳದಿಯಾದ ಮೇಲೆ ಎಣ್ಣೆಗೆ ದುಡ್ಡು ಹಾಕಬ್ಯಾಡ್ರಿ. ಮುಂದಿನ ಸಲ ರೋಗ ತಡೆಯುವ ತಳಿ ಕೇಳಿ ತಗೊಂಡು ಬೀಜೋಪಚಾರ ಮಾಡಿ ಬಿತ್ರಿ. ನಿಮಗೆ ಹುಲಕೋಟಿ ಕೃಷಿ ವಿಜ್ಞಾನ ಕೇಂದ್ರ ಹತ್ತಿರ, ಒಂದು ಗಿಡ ಬೇರು ಸಮೇತ ಒಯ್ದು ತೋರಿಸ್ರಿ.

ಮೋಟೆಬೆನ್ನೂರ ರೈತ:
ತಂಗಿ, ನೀ ಹೇಳಿದಂಗ ಬೆಳಿಗ್ಗೆ ಎದ್ದು ಹೊಲ ನೋಡಿದೆ. ಮಗಳ ಶಾಲಿದು ಭೂತಗನ್ನಡಿ ಒಯ್ದಿದ್ದೆ. ಕೆಳಗ ಮಡಚಿದ ಎಲಿ ಹಿಂದ ಸಣ್ಣ ಸಣ್ಣ ಹಳದಿ ನುಸಿ ಹರದಾಡ್ತಿದ್ವು, ಅವೇ ಜಾಸ್ತಿ. ಹೂವ ಹಾಳಿ ಮ್ಯಾಲ ಕೊಡವಿದ್ರ ಕರೀ ಹುಳಾನೂ ಬಿದ್ವು, ಎಲ್ಲಾ ಹೂವಿನಾಗ ಇಲ್ಲ, ರಸ್ತೆ ಕಡೆ ಸಾಲಿನಾಗ ಮಾತ್ರ. ಕುಳ್ಳಗ ಉಳದ ಗಿಡ ಕಿತ್ತು ಸುಟ್ಟೆ. ಸಂಜೀಕ ಗಂಧಕ ಹೊಡದೇನಿ, ನೀಲಿ ಬಲಿ ತರಾಕ ಹೇಳೇನಿ. ಆ ದುಬಾರಿ ಎಣ್ಣಿ ತಂದಿಲ್ಲ. ಈಗ ಆ ಕರೀ ಹುಳ ದೇವಿಹೊಸೂರಿಗೆ ಒಯ್ದು ತೋರಿಸ್ಲೇನು?

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
ಖಂಡಿತ ಒಯ್ರಿ ಅಣ್ಣಾರ. ದೇವಿಹೊಸೂರು ತೋಟಗಾರಿಕಾ ಸಂಶೋಧನಾ ಕೇಂದ್ರದಲ್ಲಿ ಮೆಣಸಿನಕಾಯಿ ಮೇಲೆಯೇ ಕೆಲಸ ನಡೆಯುತ್ತದೆ. ಹೂವು ಸಮೇತ ಸಣ್ಣ ಡಬ್ಬಿಯಲ್ಲಿ ಹಾಕಿ, ಯಾವ ಸಾಲು, ಏನೇನು ಹೊಡೆದಿದ್ದೀರಿ ಅಂತ ಚೀಟಿ ಬರೆದು ಅಂಟಿಸ್ರಿ. ಹನುಮನಮಟ್ಟಿ ಕೃಷಿ ವಿಜ್ಞಾನ ಕೇಂದ್ರವೂ ಇದೆ. ಹೋಗಲಿಕ್ಕೆ ಆಗದಿದ್ದರೆ ಕಿಸಾನ್ ಕಾಲ್ ಸೆಂಟರ್ 1800-180-1551, ಕನ್ನಡದಲ್ಲೇ ಮಾತಾಡ್ತಾರೆ. ಕಾಯಿ ಬಿಡಿಸುವ ಹೊತ್ತಿನಲ್ಲಿ ಮಾತ್ರ ಏನನ್ನೂ ಹೊಡೆಯಬ್ಯಾಡ್ರಿ. ನಿಮ್ಮ ಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯವರು ಔಷಧದ ಉಳಿಕೆ ಪರೀಕ್ಷೆ ಮಾಡಿಸ್ತಾರೆ.

ಕುಂದಗೋಳ ಕಾಕಾ:
ಗುರುವಾರ ಬ್ಯಾಡಗಿ ಪ್ಯಾಟಿಗೆ ಕಾಯಿ ಮಾರಾಕ ಬರಾಂವ ಅದೇನಿ. ಬರೂ ಮುಂದ ನಿನ್ನ ಹೊಲಕ್ಕ ಹಾಯ್ದು ಬರ್ತೇನಿ ತಮ್ಮಾ, ರಸ್ತೆ ಕಡೆ ಸಾಲು ನಾನೂ ನೋಡ್ಬೇಕು. ತಂಗಿ, ಸಸಿ ಮಡಿಗೆ ಕಟ್ಟೂ ನೈಲಾನ್ ಪರದಿ ಎಷ್ಟು ಸಣ್ಣ ತೂತಿಂದು ಇರ್ಬೇಕು? ಈ ಸಲ ನಮ್ಮ ಓಣಿಯಾವ್ರೆಲ್ಲಾ ಕೂಡಿ ಒಂದ ಕಡೆ ಮಡಿ ಮಾಡೂ ವಿಚಾರ ಐತಿ.

ಕೀಟಶಾಸ್ತ್ರ ವಿದ್ಯಾರ್ಥಿನಿ, ಧಾರವಾಡ:
40ರಿಂದ 50 ಮೆಶ್, ಅಂದರೆ ಒಂದು ಇಂಚಿಗೆ ಅಷ್ಟು ತೂತು ಇರುವುದನ್ನು ಕೇಳಿ ತಗೋರಿ ಕಾಕಾ. ನಾಕೂ ಕಡೆ ಅಂಚನ್ನು ಮಣ್ಣಿನಾಗ ಹುಗೀಬೇಕು, ಇಲ್ಲಂದ್ರ ಕೆಳಗಿಂದ ನೊಣ ಹೊಕ್ಕುತಾವ. ಮಡಿ ಮಾಡುವ ದಿನ ಹೇಳ್ರಿ, ರಜೆ ಇದ್ದರೆ ನಾನೂ ಬರ್ತೀನಿ.